ಅಧ್ಯಕ್ಷರ ಹೆಸರಲ್ಲಿ ಬಂದ ಮೇಲ್

ನಮ್ಮದು ಎಂಜಿನಿಯರುಗಳ ಸಣ್ಣ ಸಂಘ. ಕಚೇರಿ ವ್ಯವಹಾರ ನನ್ನ ಪಾಲಿಗೆ. ಹೊಸ ಸಮಿತಿ ಬಂದು ವೆಬ್‌ಸೈಟಿನಲ್ಲಿ ಪದಾಧಿಕಾರಿಗಳ ಹೆಸರು, ಫೋಟೊ ಹಾಕಿದ ಕೆಲವೇ ದಿನಕ್ಕೆ ಖಜಾಂಚಿಗೆ ಮೇಲ್ ಬರುತ್ತದೆ: "ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಒಂದು ಪೇಮೆಂಟ್ ತುರ್ತಾಗಿ ಆಗಬೇಕು." ಕೆಳಗೆ ಅಧ್ಯಕ್ಷರ ಹೆಸರು. ವಿಳಾಸ ಮಾತ್ರ ಯಾವುದೋ ಜಿಮೇಲ್. ಹೊಸ ಖಜಾಂಚಿಗೆ ಹೊಸ ಅಧ್ಯಕ್ಷರ ಧಾಟಿ ಇನ್ನೂ ಪರಿಚಯವಾಗಿರುವುದಿಲ್ಲ ಎನ್ನುವುದು ವಂಚಕರಿಗೆ ಚೆನ್ನಾಗಿ ಗೊತ್ತು.

ಇದರ ಬೇರು 1982ರಲ್ಲಿದೆ. ಆ ವರ್ಷ ಅಮೆರಿಕದ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಗಳ ಮೇಲೆಯೇ ಇಂದಿಗೂ ಮೇಲ್ ಓಡಾಡುತ್ತಿದೆ. ಕಳಿಸುವವನು ತಾನು ಇಂಥವನು ಎಂದರೆ ಮುಗಿಯಿತು, ಪರೀಕ್ಷೆ ಇಲ್ಲ. ಇನ್‌ಲ್ಯಾಂಡ್ ಲೆಟರಿನ ಹಿಂದೆ ಯಾರ ಹೆಸರು ಬರೆದರೂ ಅಂಚೆಯವರು ಕೇಳುತ್ತಿರಲಿಲ್ಲವಲ್ಲ, ಹಾಗೆ. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾಲಯದವರು, ಅನುಮಾನಕ್ಕೆ ಕಾರಣವಿರಲಿಲ್ಲ. ತೊಂಬತ್ತರ ದಶಕದ ನಡುವೆ ಇಂಟರ್ನೆಟ್ ಕಂಪನಿ ಎಒಎಲ್‌ನ ಸಿಬ್ಬಂದಿಯ ಸೋಗಿನಲ್ಲಿ ಪಾಸ್‌ವರ್ಡ್ ಕೇಳುವವರು ಹುಟ್ಟಿಕೊಂಡರು.

ನಮ್ಮ ದೇಶದಲ್ಲಿ ಮೊದಮೊದಲು ಕೋರ್ಟು ಹತ್ತಿದ ಇಂಥ ಪ್ರಕರಣಗಳಲ್ಲೊಂದು ಬ್ಯಾಂಕಿನದಲ್ಲ, ಸಂಘದ್ದು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ದೆಹಲಿ ಹೈಕೋರ್ಟಿಗೆ ಹೋಯಿತು. ಎದುರಾಳಿ, ಕಂಪನಿಗಳಿಗೆ ನೌಕರರನ್ನು ಹುಡುಕಿಕೊಡುವ ಏಜೆನ್ಸಿ. ಜನರ ವೈಯಕ್ತಿಕ ವಿವರ ಕಲೆಹಾಕಲು ನಾಸ್ಕಾಂ ಹೆಸರಿನಲ್ಲೇ ಮೇಲ್ ಹೊರಡಿಸಿತ್ತು. ಕೋರ್ಟ್ ನೇಮಿಸಿದ ಕಮಿಷನರ್ ಏಜೆನ್ಸಿಯ ಜಾಗಕ್ಕೇ ಹೋಗಿ ಶೋಧಿಸಿ ಎರಡು ಹಾರ್ಡ್‌ಡಿಸ್ಕ್ ವಶಕ್ಕೆ ಪಡೆದರು. ಮೇಲ್ ಐಡಿಗಳಲ್ಲಿದ್ದ ಹೆಸರುಗಳೂ ಕಲ್ಪಿತ. ಫಿಶಿಂಗ್ ಎನ್ನುವ ಈ ಸೋಗಿನ ವಂಚನೆಯ ಬಗ್ಗೆ ಆಗಿನ ಕಾನೂನಿನಲ್ಲಿ ಪ್ರತ್ಯೇಕ ಕಲಮೇ ಇರಲಿಲ್ಲ. ಆದರೂ 2005ರ ಮಾರ್ಚ್‌ನಲ್ಲಿ ಕೋರ್ಟು ಅದನ್ನು ಕಾನೂನುಬಾಹಿರ ಎಂದಿತು. ಇನ್ನೊಬ್ಬರ ಹೆಸರನ್ನು ಬಳಸಿ ಜನರನ್ನು ದಾರಿತಪ್ಪಿಸುವುದು ವ್ಯಾಪಾರಚಿಹ್ನೆಯ ಹಳೆಯ ಕಾನೂನಿಗೂ ತಪ್ಪೇ. ಪ್ರಕರಣ ರಾಜಿಯಾಯಿತು, ಪರಿಹಾರ 16 ಲಕ್ಷ ರೂಪಾಯಿ. ಸೋಗು ಹಾಕಿ ವಂಚಿಸುವುದಕ್ಕೆಂದೇ ಐಟಿ ಕಾಯ್ದೆಯ 66ಡಿ ಕಲಂ ಜಾರಿಗೆ ಬಂದದ್ದು 2009ರಲ್ಲಿ.

ನಕಲಿಯನ್ನು ಗುರುತಿಸುವ ಹಳೆಯ ಉಪಾಯಗಳು ಒಂದೊಂದೇ ಕೈಕೊಟ್ಟಿವೆ. 2016ರಲ್ಲಿ ಬಾಂಗ್ಲಾದೇಶ ಬ್ಯಾಂಕಿನಿಂದ ಕಳ್ಳರು 8.1 ಕೋಟಿ ಡಾಲರ್ ಹೊಡೆದರು. ಇನ್ನೂ 2 ಕೋಟಿ ಉಳಿದದ್ದು ಅವರ ನಕಲಿ ಪಾವತಿ ಆದೇಶದಲ್ಲಿ 'ಫೌಂಡೇಶನ್' ಪದದ ಸ್ಪೆಲಿಂಗ್ ತಪ್ಪಿದ್ದರಿಂದ. ಈಗ ಎಐ ಇರುವಾಗ ಅಂಥ ತಪ್ಪನ್ನು ನೆಚ್ಚುವ ಹಾಗಿಲ್ಲ. ಬ್ರೌಸರಿನ ಬೀಗದ ಚಿತ್ರ ನೋಡಿ ಎನ್ನುತ್ತಿದ್ದರು. ಅದಕ್ಕೆ ಬೇಕಾದ ಸರ್ಟಿಫಿಕೇಟು ಪುಕ್ಕಟೆ ಸಿಗತೊಡಗಿದ ಮೇಲೆ ನಕಲಿ ಸೈಟುಗಳಿಗೂ ಬೀಗ ಬಂತು.

ಉಳಿದದ್ದು ವಿಳಾಸ ಒಂದೇ. ಇಂಗ್ಲಿಷಿನ ಆರ್, ಎನ್ ಒತ್ತಾಗಿ ಕೂತರೆ ಎಮ್ ಥರ ಕಾಣುತ್ತವೆ. ಅಷ್ಟರಲ್ಲೇ ಸೈಟು ಬೇರೆ. ಸೈಟಿನ ಹೆಸರಿನ ಕೊನೆಯ ತುಂಡುಗಳನ್ನೇ ನೋಡಿ, ಮುಂದೆ ಸಂಘದ ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು. ಸಂಘದ ಡೊಮೈನಿಗೆ ಡಿಮಾರ್ಕ್ ಎಂಬ ಮೇಲ್ ತಪಾಸಣೆ ವ್ಯವಸ್ಥೆ ಹಾಕಿಸಿದರೆ ಅದೇ ವಿಳಾಸ ಕದ್ದು ಬರೆಯುವುದಕ್ಕೆ ತಡೆಯಾಗುತ್ತದೆ, ಜಿಮೇಲಿನವನಿಗೆ ಆಗುವುದಿಲ್ಲ. ಹಾಗಾಗಿ ಖಜಾಂಚಿಗಳೇ, ದುಡ್ಡು ಕೇಳಿದ ಮೇಲಿಗೆ ಉತ್ತರ ಬರೆಯಬೇಡಿ. ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ಫೋನ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.