ಅವ್ವನ ಕೌದಿಯ ಪದರಗಳು



ಕಳೆದ ತಿಂಗಳು ಮನೆಗೆ ಸುಣ್ಣ ಹೊಡೆಸುವ ನಿಮಿತ್ತ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಕೆಳಗಿಳಿಸಿದೆವು. ಅದರ ತಳದಲ್ಲಿ ನಮ್ಮ ಅವ್ವ ಹೊಲಿದ ಒಂದು ಕೌದಿ ಇತ್ತು. ಒಂದು ಅಂಚನ್ನು ಇಲಿ ಕಡಿದಿತ್ತು. "ಹಿಂಗ ಬಿಟ್ರ ಪೂರ್ತಿ ಹೋಗತೈತ್ರಿ, ಒಂದು ಬದಿ ಬಿಚ್ಚಿ ಹೊಲೀತೀನಿ" ಎಂದು ನಮ್ಮ ಮನೆಯವರು ಕತ್ತರಿ ಹಿಡಿದು ಕುಳಿತರು. ಸ್ವಲ್ಪ ಹೊತ್ತಿನ ನಂತರ "ನೋಡ್ರಿ ಇಲ್ಲಿ, ಒಳಗ ಇನ್ನೊಂದು ಕೌದಿ ಐತಿ" ಎಂದು ಕೂಗಿದರು.

ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಕಲಿಸಿದವನು ನಾನು. ಮೊಹೆಂಜೊದಾರೊದಲ್ಲಿ ಒಂದು ಊರಿನ ಮೇಲೆ ಇನ್ನೊಂದು ಊರು ಕಟ್ಟಿದ್ದರು, ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದೆ. ನಿಮ್ಮಲ್ಲಿ ಹಲವರಿಗೆ ಆ ಚಿತ್ರ ನೆನಪಿರಬಹುದು. ಅಂಥದೇ ಪದರಗಳನ್ನು ಹೊದ್ದುಕೊಂಡು ಬಾಲ್ಯವಿಡೀ ಮಲಗಿದ್ದೆನೆಂಬುದು ಎಂಬತ್ತು ದಾಟಿದ ಮೇಲೆ ತಿಳಿಯಿತು.

ಮೇಲಿನ ಪದರದಲ್ಲಿ ನನ್ನ ಶಾಲೆಯ ಖಾಕಿ ಚಡ್ಡಿಯ ತುಂಡುಗಳು, ಅಕ್ಕಂದಿರ ಚೀಟಿನ ಪರಕಾರದ ಚೌಕಗಳು, ನಡುವೆ ಅವ್ವನ ಇಳಕಲ್ಲ ಸೀರೆಯ ಕೆಂಪು ದಡಿ. ನಾಲ್ಕು ಮೂಲೆಗಳಿಗೆ ಗುಳೇದಗುಡ್ಡದ ಖಣದ ಚೂರು. ಅದರ ಕೆಳಗಿನ ಹಳೆಯ ಕೌದಿಯ ಮೈಯೆಲ್ಲ ಅಪ್ಪನ ಖಾದಿ ಧೋತರ. ಸವೆದು ಜಾಳಾಗಿದ್ದರೂ ಕೈನೂಲಿನ ಗಂಟುಗಳು ಬೆರಳಿಗೆ ಹತ್ತುತ್ತವೆ. ಅದಕ್ಕೂ ಒಳಗೆ, ಯಾವುದೋ ಗಿರಣಿಯ ಮುದ್ರೆ ಅರ್ಧ ಅಳಿಸಿದ ಲಾಂಗ್‌ಕ್ಲಾಥು.

ಈ ಒಳ ಕೌದಿ ಎರಡನೆಯ ಮಹಾಯುದ್ಧದ ಕಾಲದ್ದು ಎಂದು ನನ್ನ ಊಹೆ. 1943ರಲ್ಲಿ ಸರಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಿತು. ಗಿರಣಿಗಳ ಉತ್ಪಾದನೆಯ ದೊಡ್ಡ ಪಾಲು ಸೈನ್ಯಕ್ಕೆ ಹೋಗುತ್ತಿತ್ತು. ಆ ದಿನಗಳನ್ನು ನಮ್ಮ ಹಿರಿಯರು 'ಕಂಟ್ರೋಲಿನ ಕಾಲ' ಎಂದೇ ಕರೆಯುತ್ತಿದ್ದರು. ಮನೆಯ ಇಬ್ಬರು ಹೆಂಗಸರಿಗೆ ಹೊರಗೆ ಹೋಗಲು ಒಂದೇ ಗಟ್ಟಿ ಸೀರೆ ಇತ್ತೆಂದು ಅವ್ವ ಹೇಳುತ್ತಿದ್ದಳು. ಅಂಥ ಕಾಲದಲ್ಲಿ ಹರಿದ ಧೋತರವನ್ನು ಎಸೆಯುವ ಮಾತೆಲ್ಲಿ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮದು ಕರಿ ಎರೆ ಭೂಮಿ, ಹತ್ತಿಯ ಸೀಮೆ. 1840ರ ದಶಕದಲ್ಲಿಯೇ ಕಂಪನಿ ಸರಕಾರ ಧಾರವಾಡ ಜಿಲ್ಲೆಯಲ್ಲಿ ಅಮೇರಿಕದ ಹತ್ತಿಯ ಬೀಜ ಬಿತ್ತಿಸಿತು. 1861ರಿಂದ 1865ರವರೆಗೆ ಅಮೇರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ಕಡಿಮೆಯಾದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. ಹೊಲದ ತುಂಬ ಹತ್ತಿ ಬಿಳಿಯಾಗಿ ಅರಳಿರುವಾಗ ನಮ್ಮ ಕೌದಿಯೊಳಗೆ ಏಕೆ ಹತ್ತಿಯಿಲ್ಲ, ಹರಕು ಬಟ್ಟೆಯೇ ಏಕೆ? ನಾನು ಚಿಕ್ಕವನಿದ್ದಾಗ ಅವ್ವನನ್ನು ಇದನ್ನೇ ಕೇಳಿದ್ದೆ. "ಹತ್ತಿ ಮಾರಾಕ, ಹರಕು ಹೊದ್ಯಾಕ" ಎಂದಿದ್ದಳು. ಗಾದಿಗೆ ಹತ್ತಿ ತುಂಬಿಸುವುದು ಉಳ್ಳವರ ಮಾತು. ಬೆಳೆದ ಹತ್ತಿ ಗಾಡಿಯಲ್ಲಿ ಅಡತಿ ಅಂಗಡಿಗೆ ಹೋಗಿ ಸಾಲಕ್ಕೆ ಜಮೆಯಾಗುತ್ತಿತ್ತು. ಅದು ಬಟ್ಟೆಯಾಗಿ, ಮೈಮೇಲೆ ಸವೆದು, ಚಿಂದಿಯಾದ ಮೇಲೆಯೇ ಬೆಳೆದವನ ಹಾಸಿಗೆಗೆ ಮರಳುತ್ತಿತ್ತು. ವಸಾಹತು ಕಾಲದ ಆರ್ಥಿಕ ನೀತಿಯನ್ನು ಕುರಿತು ನಾನು ತರಗತಿಯಲ್ಲಿ ಎರಡು ವಾರ ಪಾಠ ಮಾಡುತ್ತಿದ್ದೆ. ಅವ್ವನಿಗೆ ಮೂರ್ನಾಲ್ಕು ಶಬ್ದ ಸಾಕಾದವು.

ಕೌದಿ ಹೊಲಿಯುವ ಕೆಲಸ ಸುಗ್ಗಿ ಮುಗಿದ ಬೇಸಿಗೆಯದು. ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಸುಕ್ಕು ಬಾರದಂತೆ ಎಳೆದು, ದೊಡ್ಡ ದೊಡ್ಡ ಟಾಕು ಹಾಕಿ ಹಿಡಿಸುತ್ತಿದ್ದರು. ಮೇಲೆ ತುಂಡುಗಳನ್ನು ಜೋಡಿಸಿದ ನಂತರ ಓಣಿಯ ಹೆಂಗಸರು ಸುತ್ತ ಕುಳಿತು ಎಲ್ಲ ಪದರಗಳನ್ನೂ ದಾಟುವಂತೆ ಸೂಜಿ ಹಾಕುತ್ತಿದ್ದರು. ಹೊಲಿಗೆಯ ಸಾಲುಗಳು ಒಂದಕ್ಕೊಂದು ಹತ್ತಿರವಾದಷ್ಟೂ ಕೌದಿಗೆ ಆಯುಷ್ಯ ಹೆಚ್ಚು. ನಮ್ಮ ಕೌದಿಯಲ್ಲಿ ಒಂದು ಮೂಲೆಯ ಸಾಲುಗಳು ಸೊಟ್ಟವಾಗಿವೆ. ಅದು ನಮ್ಮ ಸಣ್ಣಕ್ಕ ಹೊಲಿಗೆ ಕಲಿತ ಜಾಗ. ಅವ್ವ ಅದನ್ನು ಬಿಚ್ಚಿ ಸರಿಮಾಡಲಿಲ್ಲ.

ಇದು ನಮ್ಮ ಸೀಮೆಗಷ್ಟೇ ಸೇರಿದ ವಿದ್ಯೆಯಲ್ಲ. "ಕಂತೆಗೆ ತಕ್ಕ ಬೊಂತೆ" ಎಂಬ ಗಾದೆಯನ್ನು ಎಲ್ಲರೂ ಬಳಸುತ್ತೇವೆ. ಬೊಂತೆಯೆಂದರೆ ಚಿಂದಿಗಳ ಕೌದಿಯೇ ಎಂಬುದನ್ನು ಮರೆತಿದ್ದೇವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಿನಂಚಿನ ಸಿದ್ದಿ ಹೆಂಗಸರು ಇದೇ ಬಗೆಯ ಹೊದಿಕೆಯನ್ನು 'ಕವಂದಿ' ಎನ್ನುತ್ತಾರೆ. ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದವರಲ್ಲಿ ಅನೇಕರು ಈ ಕಾಡುಗಳಿಗೆ ತಪ್ಪಿಸಿಕೊಂಡು ಬಂದರು. ಅವರ ಸಂತತಿಯೇ ಇಂದಿನ ಸಿದ್ದಿಗಳು. ಅವರು ಅಂಚಿನಿಂದ ಹೊಲಿಯಲಾರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ 'ಫುಲಾ' ಇಡದಿದ್ದರೆ ಆ ಕವಂದಿ ಬತ್ತಲೆ ಎಂದು ಅವರ ಭಾವನೆ. ಅಮೇರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಸಹಕಾರಿ ಗುಂಪೊಂದು ಹುಟ್ಟಿತು. ಅವರ ಕವಂದಿಗಳು ಹೊರದೇಶದವರೆಗೂ ಹೋದವು. ಬಂಗಾಲದಲ್ಲಿ ಗುರುಸದಯ ದತ್ತ ಎಂಬ ಐ.ಸಿ.ಎಸ್. ಅಧಿಕಾರಿ ಹಳ್ಳಿ ಹಳ್ಳಿ ತಿರುಗಿ 'ಕಾಂಥಾ'ಗಳನ್ನು ಕೂಡಿಹಾಕಿದರು. ಕೋಲ್ಕತ್ತೆಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವೇ ಆಯಿತು. ಅಲ್ಲಿಯ ಒಂದು ಕಾಂಥಾದಲ್ಲಿ ಮಾನದಾಸುಂದರಿ ಎಂಬ ಹೆಣ್ಣುಮಗಳು ತನ್ನ ಹೆಸರನ್ನು ಸೂಜಿಯಿಂದಲೇ ಬರೆದಿದ್ದಾಳೆ. ನಮ್ಮ ಕಡೆಯ ಕೌದಿಗಳ ಮೇಲೆ ಹೆಸರು ಹೊಲಿದದ್ದನ್ನು ನಾನಂತೂ ಕಂಡಿಲ್ಲ. ಹೊಲಿದವರು ಯಾರೆಂದು ಮನೆಯವರೆಲ್ಲರಿಗೂ ಗೊತ್ತಿರುತ್ತಿತ್ತಲ್ಲ, ಬರೆಯುವ ಪ್ರಮೇಯ ಬಂದಿರಲಿಕ್ಕಿಲ್ಲ.

ಕಲೆಕ್ಟರ್ ಸಾಹೇಬರೊಬ್ಬರು ಚಿಂದಿಯಲ್ಲಿ ಕಂಡದ್ದು ಈ ಮಾಸ್ತರನಿಗೆ ಕಾಣಲಿಲ್ಲವೆಂಬುದಕ್ಕೆ ಪುರಾವೆಯನ್ನು ನಾನೇ ಕೊಡಬೇಕು. 1977ರ ಈಶ್ವರಭಾಯಿ ಪಟೇಲ್ ಸಮಿತಿಯ ವರದಿಯ ನಂತರ ಶಾಲೆಗಳಿಗೆ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ವಿಷಯ ಬಂತು. ಎಂಬತ್ತರ ದಶಕದ ಆರಂಭದ ಒಂದು ವರ್ಷ ನಮ್ಮ ಶಾಲೆಯಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ಏರ್ಪಡಿಸಿದ್ದೆವು. ಅದರ ಹೊಣೆ ನನ್ನದು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತೊಟ್ಟಿಲಿಗೆ ಹಾಸುವ ಪುಟ್ಟ ಕೌದಿಯೊಂದನ್ನು ತಾನೇ ಹೊಲಿದು ತಂದಿದ್ದಳು. "ಇದು ಮನೆಗೆಲಸವಾಯಿತಲ್ಲವ್ವಾ, ಕರಕುಶಲ ಹೇಗಾಗುತ್ತದೆ? ಹಳೇ ಅರಿವೆ ಬೇರೆ" ಎಂದು ಅದನ್ನು ಮಡಿಸಿ ಮರಳಿ ಅವಳ ಕೈಗೇ ಕೊಟ್ಟೆ. ಅವಳು ಏನೂ ಅನ್ನಲಿಲ್ಲ. ಅಂಗಡಿಯಿಂದ ಥರ್ಮಾಕೋಲ್ ತಂದು ಗೋಲಗುಮ್ಮಟ ಮಾಡಿದ ಹುಡುಗನಿಗೆ ಮೊದಲ ಬಹುಮಾನ ಕೊಡಿಸಿದೆ. ಸಮಾಜೋಪಯೋಗಿಯೂ ಹೌದು, ಉತ್ಪಾದಕವೂ ಹೌದು ಎನ್ನಬಹುದಾದ ವಸ್ತು ಆ ದಿನ ಅದೊಂದೇ ಇತ್ತು. ಆ ತಂಗಿ ಇದನ್ನು ಓದುತ್ತಿದ್ದರೆ, ತಪ್ಪು ನನ್ನದು.

ಅದೇ ಸುಮಾರಿಗೆ ಮನೆಯಲ್ಲಿದ್ದ ಉಳಿದ ನಾಲ್ಕು ಕೌದಿಗಳನ್ನು ಪಾತ್ರೆ ಮಾರುವವಳಿಗೆ ಹಾಕಿ ಒಂದು ಸ್ಟೀಲಿನ ಡಬ್ಬಿ ತೆಗೆದುಕೊಂಡೆವು. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಂಗಡಿಯ ಬ್ಲ್ಯಾಂಕೆಟ್ಟು ಬಂದಿತ್ತು; ಹೊಸ ಕೌದಿ ಹೊಲಿಯೋಣವೆಂದರೆ ಮನೆಯಲ್ಲಿ ನೂಲಿನ ಸೀರೆಗಳೇ ಕಡಿಮೆಯಾಗಿದ್ದವು. ನೈಲಾನು, ಟೆರಿಲಿನ್ ಬಟ್ಟೆ ಬೆವರು ಹೀರುವುದಿಲ್ಲ, ಪದರು ಜಾರುತ್ತದೆ. ಕೌದಿ ಹಿಂದೆ ಸರಿದದ್ದಕ್ಕೆ ಹೆಂಗಸರ ಸೋಮಾರಿತನ ಕಾರಣವೆನ್ನುವವರು ಸೀರೆಯ ಕಪಾಟನ್ನೂ ಒಮ್ಮೆ ನೋಡಬೇಕು.

ನಮ್ಮ ಮನೆಯವರು ಈಗ ಇಲಿ ಕಡಿದ ಅಂಚನ್ನು ನನ್ನದೇ ಹಳೆಯ ಪಂಚೆಯಿಂದ ಹೊಲಿದು ಮುಗಿಸಿದ್ದಾರೆ. ಮುಚ್ಚುವ ಮೊದಲು ಇಬ್ಬರೂ ಕುಳಿತು, ಮೇಲಿನ ಪದರದ ಒಂದೊಂದು ತುಂಡೂ ಯಾರ ಬಟ್ಟೆಯದೆಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಒಟ್ಟು ಅರವತ್ತೆರಡು ತುಂಡುಗಳು. ಗುರುತು ಹತ್ತಿದ್ದು ಇಪ್ಪತ್ತಮೂರು. ಗುರುತು ಹೇಳಬಲ್ಲವರಲ್ಲಿ ಈಗ ಚಿಗವ್ವ ಮತ್ತು ಸಣ್ಣಕ್ಕ ಇಬ್ಬರೇ ಉಳಿದಿದ್ದಾರೆ. ಅವರ ಬಳಿ ಇರುವ ಮಕ್ಕಳು ಯಾರಾದರೂ ಇದನ್ನು ಓದಿ ಹೇಳಿರಿ. ನಡುವಿನ ಚೌಕದಲ್ಲಿ ಹಸಿರು ಮೈಯ ಮೇಲೆ ಬಿಳಿಯ ಚಿಕ್ಕೆಗಳಿರುವ ಚೀಟಿನ ತುಂಡೊಂದಿದೆ. ಅದು ಯಾರ ಪರಕಾರದ್ದೆಂದು ಕೇಳಿ ತಿಳಿಸಬೇಕು.