ಹಣಕಾಸಿನ ಆಳವನ್ನು ಅಳೆಯುವ ಬಗೆ

ದೇಶವೊಂದರ ಹಣಕಾಸಿನ ಸಂಸ್ಥೆಗಳು ಅಲ್ಲಿಯ ಜನಜೀವನದಲ್ಲಿ ಎಷ್ಟು ಆಳಕ್ಕೆ ಇಳಿದಿವೆ ಎಂಬುದನ್ನು ಅಂಕಿಗಳಲ್ಲಿ ಹಿಡಿದಿಡುವ ಪ್ರಯತ್ನವು ತೀರ ಹಳೆಯದೇನಲ್ಲ. ರೇಮಂಡ್ ಗೋಲ್ಡ್‌ಸ್ಮಿತ್ ಎಂಬ ವಿದ್ವಾಂಸರು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 35 ದೇಶಗಳ ಸುಮಾರು ನೂರು ವರ್ಷಗಳ ಲೆಕ್ಕವನ್ನು ಕಲೆಹಾಕಿದರು. ಠೇವಣಿ, ಸಾಲಪತ್ರ, ಷೇರು ಮೊದಲಾದ ಕಾಗದದ ಹಕ್ಕುಗಳ ಒಟ್ಟು ಮೌಲ್ಯವನ್ನು ಭೂಮಿ, ಕಟ್ಟಡ, ಯಂತ್ರ ಮೊದಲಾದ ನಿಜಸಂಪತ್ತಿನ ಮೌಲ್ಯದಿಂದ ಭಾಗಿಸಿದರೆ ದೊರೆಯುವ ಪ್ರಮಾಣವೇ ಅವರ ಅಳತೆಗೋಲು. 1983ರಲ್ಲಿ ಭಾರತವೊಂದನ್ನೇ ಎತ್ತಿಕೊಂಡು 1860ರಿಂದ 1977ರವರೆಗಿನ ಚರಿತ್ರೆಯನ್ನು ಅವರು ಬರೆದರು. ಆದರೆ ನಿಜಸಂಪತ್ತಿನ ನಂಬತಕ್ಕ ಲೆಕ್ಕ ಬಹುತೇಕ ದೇಶಗಳಲ್ಲಿ ದುರ್ಲಭ. ಆದುದರಿಂದ ಅವರ ನಂತರದವರು ಹಾದಿಯನ್ನು ಸುಗಮಗೊಳಿಸಿಕೊಂಡು, ಬ್ಯಾಂಕು ಠೇವಣಿಯನ್ನೋ ಒಟ್ಟು ಹಣದ ಮೊತ್ತವನ್ನೋ ರಾಷ್ಟ್ರೀಯ ಆದಾಯದಿಂದ ಭಾಗಿಸತೊಡಗಿದರು. ಇಂದು ನಾವು ವರದಿಗಳಲ್ಲಿ ಓದುವ 'ಆಳ' ಬಹುಮಟ್ಟಿಗೆ ಇದೇ.

ಈ ಭಾಗಾಕಾರದಲ್ಲಿ ತೊಡಕುಗಳಿವೆ. ಠೇವಣಿಯೆಂಬುದು ವರ್ಷದ ಕೊನೆಯ ದಿನದ ಬಾಕಿ. ಆದಾಯವಾದರೋ ವರ್ಷವಿಡೀ ಹರಿದುಬಂದುದು. ಬೆಲೆಗಳು ಭರದಿಂದ ಏರುವಾಗ ಮೊದಲನೆಯದು ಏರಿದ ಬೆಲೆಯಲ್ಲಿಯೂ ಎರಡನೆಯದು ಸರಾಸರಿ ಬೆಲೆಯಲ್ಲಿಯೂ ಇರುವುದರಿಂದ, ಏನೂ ಆಗದೆಯೇ ಆಳ ಹೆಚ್ಚಿದಂತೆ ಕಾಣುತ್ತದೆ. ಛೇದವು ಕುಗ್ಗಿದರೂ ಅಷ್ಟೆ. 2020-21ರಲ್ಲಿ ನಮ್ಮ ದೇಶದ ಉತ್ಪನ್ನವು ಬೆಲೆಯೇರಿಕೆಯನ್ನು ಕಳೆದು ಶೇಕಡಾ 6ರ ಸಮೀಪ ಇಳಿಯಿತು, ಬ್ಯಾಂಕು ಠೇವಣಿ ಶೇಕಡಾ 11ರಷ್ಟು ಏರಿತು. ಪ್ರಮಾಣವು ಜಿಗಿಯಿತು. ಆ ವರ್ಷ ದೇಶದ ಹಣಕಾಸು ಆಳವಾಯಿತೆಂದು ಯಾರು ತಾನೆ ಹೇಳಿಯಾರು?

ಇವು ಲೆಕ್ಕಿಗರು ತಿದ್ದಿಕೊಳ್ಳಬಹುದಾದ ದೋಷಗಳು. ಇತಿಹಾಸಕಾರನನ್ನು ಕಾಡಬೇಕಾದುದು ಬೇರೆ: ಅಂಶದಲ್ಲಿ ಸೇರದೆ ಹೋದುದು ಯಾವುದು?

1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಿತು. ರೈತರು ತಂದ ಸಾಲದಲ್ಲಿ ಶೇಕಡಾ 69.7 ಭಾಗ ಲೇವಾದೇವಿಗಾರರದು. ಇವರಲ್ಲಿ ಸಾಹುಕಾರಿಕೆಯನ್ನೇ ಕಸುಬಾಗಿ ಉಳ್ಳವರೂ ಇದ್ದರು, ತಾವೂ ಬೇಸಾಯಗಾರರಾಗಿದ್ದು ಬಡ್ಡಿಗೆ ಕೊಡುವವರೂ ಇದ್ದರು. ಸರಕಾರದ್ದು ಶೇಕಡಾ 3.3, ಸಹಕಾರ ಸಂಘಗಳದು 3.1, ವಾಣಿಜ್ಯ ಬ್ಯಾಂಕುಗಳದು 0.9. ಉಳಿದುದು ನೆಂಟರಿಷ್ಟರು, ವ್ಯಾಪಾರಿಗಳು, ಜಮೀನುದಾರರು ಮುಂತಾದವರಿಂದ ಬಂದುದು. ಸಾಲವಿಲ್ಲದ ಹಳ್ಳಿ ಅದಲ್ಲ, ಸಾಲದಲ್ಲಿ ಕುತ್ತಿಗೆಯವರೆಗೆ ಮುಳುಗಿದ ಹಳ್ಳಿ. ಆದರೆ ಅಳತೆಗೋಲಿಗೆ ಅದು ಒಣನೆಲ. ಆ ಕಾಲದ ಭಾರತವನ್ನು ಹಣಕಾಸಿನಲ್ಲಿ 'ಆಳವಿಲ್ಲದ' ದೇಶವೆಂದು ಕರೆಯುವವರು, ಬ್ಯಾಂಕಿನ ಖಾತೆಪುಸ್ತಕಕ್ಕೆ ಏರದ ಋಣವನ್ನು ಋಣವೇ ಅಲ್ಲವೆಂದು ತೀರ್ಮಾನಿಸಿದಂತಾಗುತ್ತದೆ.

ಆ ಋಣವಾಗಲಿ ಉಳಿತಾಯವಾಗಲಿ ಸಾಹುಕಾರನ ಮನೆಯಿಂದ ಬ್ಯಾಂಕಿಗೆ ಸಾಗಿದ ಬಗೆಗೆ ನಮ್ಮ ಕರಾವಳಿಯಲ್ಲಿ ಒಂದು ಹಳೆಯ ನಿದರ್ಶನವಿದೆ. ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಉಡುಪಿಯಲ್ಲಿ, ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಇವರು 8,000 ರೂಪಾಯಿ ಬಂಡವಾಳದಿಂದ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪವನ್ನೂ ಪಡೆದು ಬರೆದುಕೊಳ್ಳುವುದು. ಇಷ್ಟೇ ಅದರ ಸೂತ್ರ. ಎರಡಾಣೆಯ ಸಾವಿರ ಖಾತೆಗಳ ಒಂದು ದಿನದ ಜಮೆ 125 ರೂಪಾಯಿ. ಒಬ್ಬ ವರ್ತಕನ ಒಂದೇ ಚೆಕ್ಕು ಅದನ್ನು ಮೀರಿಸಬಲ್ಲುದು, ಪ್ರಮಾಣದ ಲೆಕ್ಕದಲ್ಲಿ ಎರಡಕ್ಕೂ ಬೆಲೆ ಒಂದೇ. ಆದರೆ ಆಳವೆಂಬ ಮಾತಿಗೆ ಅರ್ಥವಿದ್ದರೆ, ಅದು ಆ ಸಾವಿರ ಖಾತೆಗಳಲ್ಲಿದೆ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ (ಅವುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು) ದೇಶದ ವಾಣಿಜ್ಯ ಬ್ಯಾಂಕುಗಳ ಠೇವಣಿ ರಾಷ್ಟ್ರೀಯ ಆದಾಯದ ಆರನೆಯ ಒಂದು ಪಾಲನ್ನೂ ಮುಟ್ಟಿರಲಿಲ್ಲ. 2025ರ ಮಾರ್ಚಿನಲ್ಲಿ ಅದು ದೇಶದ ಒಟ್ಟು ಉತ್ಪನ್ನದ ಸುಮಾರು ಮೂರನೆಯ ಎರಡು ಪಾಲು. ನೇರವಾಗಿ ಏರಿದ ಗೆರೆಯಂತೆ ತೋರುವ ಈ ಬೆಳವಣಿಗೆಯ ಒಳಗೆ ಒಂದು ತಿರುವು ಅಡಗಿದೆ. ಗ್ರಾಮೀಣ ಕುಟುಂಬಗಳ ಸಾಲದಲ್ಲಿ ಬ್ಯಾಂಕು, ಸಹಕಾರ ಸಂಘ, ಸರಕಾರಗಳ ಪಾಲು 1971ರಲ್ಲಿ ಶೇಕಡಾ 29ರಷ್ಟು, 1981ರಲ್ಲಿ 61, 1991ರಲ್ಲಿ 64. ಇದು ಶಾಖಾ ನಿಯಮದ ಕಾಲ: 1977ರಿಂದ 1990ರವರೆಗೆ, ಬ್ಯಾಂಕಿರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕಿತ್ತು. ನಿಯಮ ಹೋಯಿತು, ಸುಧಾರಣೆಗಳು ಬಂದವು, ಹಳ್ಳಿಯ ಶಾಖೆಗಳು ಕೆಲವು ಮುಚ್ಚಿದವು. 2002ರ ಸಮೀಕ್ಷೆಯಲ್ಲಿ ಆ ಪಾಲು 57ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಠೇವಣಿಯ ಪ್ರಮಾಣವು ಏರುತ್ತಲೇ ಇತ್ತು! ಗ್ರಂಥಗಳು ದೇಶವು ಆಳವಾಗುತ್ತಿದೆಯೆಂದು ಬರೆಯುತ್ತಿದ್ದಾಗ ಹಳ್ಳಿಯವನು ಸಾಹುಕಾರನ ಮನೆಯ ಮೆಟ್ಟಿಲನ್ನು ಮತ್ತೆ ಹತ್ತುತ್ತಿದ್ದನು. ನನ್ನ ಮಟ್ಟಿಗೆ ಈ ಹನ್ನೊಂದು ವರ್ಷಗಳೇ ಆ ಅಳತೆಗೋಲಿನ ನಿಜವಾದ ಪರೀಕ್ಷೆ.

ಇತ್ತೀಚೆಗೆ ಪ್ರಮಾಣವನ್ನು ಬಿಟ್ಟು ತಲೆಗಳನ್ನು ಎಣಿಸುವ ಕ್ರಮವೂ ಬಂದಿದೆ. ವಿಶ್ವಬ್ಯಾಂಕಿನ ಸಮೀಕ್ಷೆಯಂತೆ ಖಾತೆಯುಳ್ಳ ವಯಸ್ಕರು ಭಾರತದಲ್ಲಿ 2011ರಲ್ಲಿ ಶೇಕಡಾ 35, ಜನಧನ ಯೋಜನೆಯ ನಂತರ 2017ರಲ್ಲಿ 80. ಆದರೆ 2021ರಲ್ಲಿ ಇಂತಹ ಖಾತೆಗಳಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ವರ್ಷವೆಲ್ಲ ನಿಶ್ಚಲವಾಗಿದ್ದವು. ಅಗಲವೇ ಆಳವಲ್ಲ. ದಿನದಿನವೂ ಜಮೆಯಾಗುತ್ತಿದ್ದ ಎರಡಾಣೆಯ ಖಾತೆಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ.

ಈ ಅಂತರವನ್ನು ಲೆಕ್ಕದಿಂದ ತೋರಿಸಬೇಕಾದರೆ ಕರಾವಳಿಯ ಆ ಹಳೆಯ ಖಾತೆಗಳ ಸಂಖ್ಯೆಯೂ ಮೊತ್ತವೂ ವರ್ಷವಾರು ಬೇಕು. ರಿಜರ್ವ್ ಬ್ಯಾಂಕು ಶಾಖೆಗಳಿಂದ ಸಾಲ-ಠೇವಣಿಗಳ ವಿವರವಾದ ಮಾಹಿತಿಯನ್ನು ಈಗಿನ ಕ್ರಮದಲ್ಲಿ ಸಂಗ್ರಹಿಸತೊಡಗಿದ್ದು 1972ರಿಂದ. ಅದಕ್ಕೂ ಹಿಂದಿನ ನಾಲ್ಕು ದಶಕಗಳಿಗೆ ಆಯಾ ಬ್ಯಾಂಕುಗಳ ಕಡತಗಳೇ ಗತಿ. ವಿಜಯಾ ಬ್ಯಾಂಕು 2019ರಲ್ಲಿಯೂ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ವಿಲೀನದಲ್ಲಿ ಆಸ್ತಿ-ಹೊಣೆಗಳು ತಪ್ಪದೆ ವರ್ಗಾವಣೆಯಾಗುತ್ತವೆ. ಹಳೆಯ ಕಡತಗಳ ಭಾಗ್ಯ ಹಾಗಲ್ಲವೆಂಬುದನ್ನು ಈ ವೃತ್ತಿಯಲ್ಲಿರುವವರೆಲ್ಲ ಬಲ್ಲರು. ಆ ಬ್ಯಾಂಕುಗಳಿಂದ ನಿವೃತ್ತರಾದ ಕನ್ನಡಿಗರು ನಮ್ಮ ನಗರದಲ್ಲಿ ಅನೇಕರಿದ್ದಾರೆ. ಅವರ ಮನೆಗಳಲ್ಲಿ 1969ಕ್ಕೆ ಹಿಂದಿನ ವಾರ್ಷಿಕ ವರದಿ, ಶಾಖೆಯ ಸ್ಮರಣಸಂಚಿಕೆ, ತುಂಬಿ ಮುಗಿದ ಪಿಗ್ಮಿ ಪುಸ್ತಕ, ಏನಿದ್ದರೂ ಪ್ರತಿ ತೆಗೆದು ಸಂಘದ ಗ್ರಂಥಾಲಯದಲ್ಲಿ ಕಾಲಕ್ರಮದಂತೆ ಜೋಡಿಸಿಡುವ ಕೆಲಸವನ್ನು ಈ ವರ್ಷವೇ ಕೈಗೊಳ್ಳಬಹುದು.