ಪೀಠ ಬರಿದಾದ ಗಳಿಗೆ: ಪಶ್ಚಿಮ ಬೆಂಗಳೂರು ಕಂಡ ಗುರುನಿರ್ಯಾಣ ಮತ್ತು ಉತ್ತರಾಧಿಕಾರ

2013ರ ಜನವರಿ 13, ಭಾನುವಾರ. ಮನೆಮನೆಗಳಲ್ಲಿ ಸಂಕ್ರಾಂತಿಗೆಂದು ಎಳ್ಳುಬೆಲ್ಲ ಅಣಿಯಾಗುತ್ತಿದ್ದ ಹೊತ್ತಿನಲ್ಲಿ ಕೆಂಗೇರಿಯ ಬಿಜಿಎಸ್ ಗ್ಲೋಬಲ್ ಆಸ್ಪತ್ರೆಯಿಂದ ಸುದ್ದಿ ಬಂತು. ಆದಿಚುಂಚನಗಿರಿ ಮಹಾಸಂಸ್ಥಾನದ 71ನೇ ಪೀಠಾಧಿಪತಿ ಬಾಲಗಂಗಾಧರನಾಥ ಸ್ವಾಮೀಜಿ ಭೈರವೈಕ್ಯರಾಗಿದ್ದರು. ಇನ್ನೈದು ದಿನ ಕಳೆದಿದ್ದರೆ ಅವರಿಗೆ 68 ತುಂಬುತ್ತಿತ್ತು. ವಿಜಯನಗರದ ಶಾಖಾ ಮಠದಲ್ಲಿ ಅಂತಿಮ ದರ್ಶನ, ಮರುದಿನ ಹಬ್ಬದಂದು ನಾಗಮಂಗಲ ತಾಲ್ಲೂಕಿನ ಮೂಲಮಠದಲ್ಲಿ ಸಮಾಧಿ. ಅದೇ ದಿನ ನಿರ್ಮಲಾನಂದನಾಥರು 72ನೇ ಪೀಠಾಧಿಪತಿಯಾದರು. ಪೀಠ ಬರಿದಾಗಿದ್ದದ್ದು ಹೆಚ್ಚೆಂದರೆ ಒಂದು ರಾತ್ರಿ.

ಇದರ ಪಕ್ಕದಲ್ಲಿ ರೋಮನ್ನು ಇಟ್ಟು ನೋಡಬಹುದು. ಪೋಪ್ ಫ್ರಾನ್ಸಿಸ್ ತೀರಿಕೊಂಡದ್ದು 2025ರ ಏಪ್ರಿಲ್ 21ರಂದು. ಸಿಸ್ಟೀನ್ ಚಾಪೆಲ್ಲಿನ ಚಿಮಣಿಯಿಂದ ಬಿಳಿ ಹೊಗೆ ಎದ್ದು ಹದಿನಾಲ್ಕನೇ ಲಿಯೋ ಅವರ ಹೆಸರು ಹೊರಬಿದ್ದದ್ದು ಮೇ 8ರಂದು. ನಡುವೆ ಹದಿನೇಳು ದಿನ. ಮೂರನೆಯ ಉದಾಹರಣೆಗೆ ಕಡಲು ದಾಟಬೇಕಿಲ್ಲ, ರಾಜಾಜಿನಗರದ ವೆಸ್ಟ್ ಆಫ್ ಕಾರ್ಡ್ ರೋಡಿಗೆ ಹೋದರೆ ಸಾಕು. ಅಲ್ಲಿನ ಇಸ್ಕಾನ್ ಬೆಟ್ಟದ ಮೂಲಗುರು ಪ್ರಭುಪಾದರು 1977ರಲ್ಲೇ ತೀರಿಕೊಂಡರು. ಅವರ ನಂತರ ದೀಕ್ಷೆ ಕೊಡುವ ಗುರು ಯಾರು ಎಂಬ ಪ್ರಶ್ನೆಗೆ ಆ ಸಂಪ್ರದಾಯದ ಎರಡು ಬಣಗಳು ಇಂದಿಗೂ ಒಂದೇ ಉತ್ತರ ಹೇಳುವುದಿಲ್ಲ.

ಒಂದು ರಾತ್ರಿ, ಹದಿನೇಳು ದಿನ, ಹೆಚ್ಚುಕಡಿಮೆ ಅರ್ಧ ಶತಮಾನ. ಹಳೆಯ ಗುರು ಹೋಗಿ ಹೊಸಬರು ಬರುವವರೆಗಿನ ಈ ತೆರಪು ಎಷ್ಟು ಉದ್ದ, ಆ ತೆರಪಿನಲ್ಲಿ ಜನ ಏನು ಮಾಡುತ್ತಾರೆ ಎಂಬುದೇ ಈ ಲೇಖನದ ಪ್ರಶ್ನೆ. ಭಕ್ತರ ಸಂಖ್ಯೆಯಾಗಲೀ ಗುರುವಿನ ಕೀರ್ತಿಯಾಗಲೀ ಜನಸ್ಪಂದನದ ಸ್ವರೂಪವನ್ನು ತೀರ್ಮಾನಿಸುವುದಿಲ್ಲ, ತೀರ್ಮಾನಿಸುವುದು ಈ ತೆರಪು ಎಂಬುದು ನನ್ನ ವಾದ. ತೆರಪು ಕಿರಿದಾದಾಗ ಶೋಕ ಶೋಕವಾಗಿಯೇ ಉಳಿಯುತ್ತದೆ. ಹಿಗ್ಗಿದಾಗ ಗುಮಾನಿ, ಬಣ, ವಕಾಲತ್ತು ಒಂದೊಂದಾಗಿ ಒಳಗೆ ಬರುತ್ತವೆ.

ಪಶ್ಚಿಮ ಬೆಂಗಳೂರನ್ನೇ ಆರಿಸಿಕೊಳ್ಳಲು ಕಾರಣವಿದೆ. ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆಗಳು ನಗರವನ್ನು ಸೇರುವುದು ಈ ಮಗ್ಗುಲಲ್ಲಿ. 1949ರಲ್ಲಿ ಗವರ್ನರ್ ಜನರಲ್ ರಾಜಾಜಿಯವರ ಹೆಸರಿನಲ್ಲಿ ಹುಟ್ಟಿದ ಕೈಗಾರಿಕಾ ಬಡಾವಣೆಗೂ, ಆಮೇಲೆ ಬೆಳೆದ ವಿಜಯನಗರ, ಬಸವೇಶ್ವರನಗರಗಳಿಗೂ ಮಂಡ್ಯ, ತುಮಕೂರು, ಮಾಗಡಿ, ರಾಮನಗರ ಸೀಮೆಗಳ ಜನ ಬಂದು ನೆಲೆಸಿದರು. ಊರಿನ ಮಠವೂ ಅವರ ಹಿಂದೆಯೇ ಶಾಖೆಯಾಗಿ, ಹಾಸ್ಟೆಲ್ಲಾಗಿ, ಶಾಲೆಯಾಗಿ, ಕಡೆಗೆ ಆಸ್ಪತ್ರೆಯಾಗಿ ಬಂತು. ಹೀಗಾಗಿ ಹಳ್ಳಿಗಾಡಿನ ಮಠವೊಂದರ ಗುರು ಕೊನೆಯುಸಿರೆಳೆಯುವ ಜಾಗ ಎಷ್ಟೋ ಸಲ ನಗರದ ಈ ಅಂಚು. ಸಮಾಧಿ ಮಾತ್ರ ಮೂಲಮಠದಲ್ಲೇ.

ಕೆಂಗೇರಿಯ ಆ ಆಸ್ಪತ್ರೆಯ ಹೆಸರಿನಲ್ಲಿರುವ ಮೂರಕ್ಷರ ಬಾಲಗಂಗಾಧರನಾಥರದ್ದೇ. ಬಿಡದಿ ಹೋಬಳಿಯ ಬಾನಂದೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವಿಜ್ಞಾನ ಓದಿ, 1974ರ ಸೆಪ್ಟೆಂಬರ್ 24ರಂದು ಪಟ್ಟಕ್ಕೇರಿದವರು ಅವರು. ನಾಥಪಂಥದ, ಒಕ್ಕಲಿಗರು ಹೆಚ್ಚಾಗಿ ನಡೆದುಕೊಳ್ಳುವ ಆ ಪೀಠದ ಗುರುವಿನ ಹೆಸರು ಹೊತ್ತ ಆಸ್ಪತ್ರೆಯಲ್ಲೇ ಮುಂದೆ ಲಿಂಗಾಯತ ಮಠವಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹಲವು ಬಾರಿ ಚಿಕಿತ್ಸೆ ಪಡೆದರು. ಜಾತಿ ಲೆಕ್ಕದಲ್ಲಿ ಮಠಗಳನ್ನು ಬೇರೆ ಬೇರೆ ಖಾನೆಗೆ ಹಾಕುವ ನಮ್ಮ ಸಂಶೋಧಕರು ಈ ವಾರ್ಡಿನತ್ತ ಕಣ್ಣು ಹಾಯಿಸಿದ್ದು ಕಡಿಮೆ.

ಸಿದ್ಧಗಂಗೆಯ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು. ಉದ್ದಾನ ಶಿವಯೋಗಿಗಳು ಉತ್ತರಾಧಿಕಾರಿಯೆಂದು ಗೊತ್ತುಮಾಡಿದ್ದ ಮರುಳಾರಾಧ್ಯರು 1930ರಲ್ಲಿ ಹಠಾತ್ತನೆ ಲಿಂಗೈಕ್ಯರಾದರು. ಅವರ ಅಂತಿಮಕ್ರಿಯೆಗೆ ಬಂದವರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣನೂ ಇದ್ದರು; ಮುಂದೆ ಶಿವಕುಮಾರ ಸ್ವಾಮೀಜಿಯಾದ ಅವರು ಆಗಿನ್ನೂ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿ. ಹಿರಿಯ ಗುರುವಿನ ಕಣ್ಣು ಅವರ ಮೇಲೆ ಬಿತ್ತು, ಆಯ್ಕೆ ಅಲ್ಲೇ ಆಯಿತು. ಗುರು ಲಿಂಗೈಕ್ಯರಾದದ್ದು ಹನ್ನೊಂದು ವರ್ಷ ಕಳೆದ ಮೇಲೆ, 1941ರಲ್ಲಿ. ಪಾಠ ಕಲಿತವರಂತೆ ಶಿವಕುಮಾರ ಸ್ವಾಮೀಜಿಯವರೂ ತಡಮಾಡಲಿಲ್ಲ. 1988ರಲ್ಲೇ ಸಿದ್ಧಲಿಂಗ ಸ್ವಾಮೀಜಿಯವರನ್ನು ಉತ್ತರಾಧಿಕಾರಿಯಾಗಿ ನೇಮಿಸಿದರು.

2019ರ ಜನವರಿ 21ರಂದು ಬೆಳಿಗ್ಗೆ 11 ಗಂಟೆ 44 ನಿಮಿಷಕ್ಕೆ, 111ನೇ ವಯಸ್ಸಿನಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಸುದ್ದಿಯನ್ನು ಕೂಡಲೇ ಹೊರಬಿಡಲಿಲ್ಲ. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ತಿಳಿಸಬಾರದೆಂಬುದು ಸ್ವಾಮೀಜಿಯ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳೆಲ್ಲ ಬರೆದವು. ಸಾವಿರಾರು ಮಕ್ಕಳು ಉಂಡು ಕೈತೊಳೆದ ಮೇಲೆ ನಾಡಿಗೆ ಗೊತ್ತಾಯಿತು. ಸರ್ಕಾರ ಮೂರು ದಿನ ಶೋಕಾಚರಣೆ ಸಾರಿ ಮರುದಿನ ರಜೆ ಕೊಟ್ಟಿತು. ಕುಳಿತ ಭಂಗಿಯಲ್ಲೇ ದರ್ಶನಕ್ಕಿಟ್ಟ ಪಾರ್ಥಿವ ಶರೀರವನ್ನು ವಿಭೂತಿ ಗಟ್ಟಿಗಳ ನಡುವೆ ಗದ್ದುಗೆಯಲ್ಲಿ ಇರಿಸಿದರು. ಬಂದ ಜನಸಾಗರಕ್ಕೆ ದಾಸೋಹವೂ ನಿಲ್ಲಲಿಲ್ಲ.

ಆ ಎರಡು ದಿನ ಎಲ್ಲಿಯೂ ಕೇಳಿಬಾರದ ಪ್ರಶ್ನೆ ಒಂದೇ, ಮುಂದೆ ಯಾರು ಎಂಬುದು. ಅದಕ್ಕೆ ಮೂವತ್ತು ವರ್ಷ ಹಿಂದೆಯೇ ಉತ್ತರ ಸಿಕ್ಕಿತ್ತು. ಹಾಗಾಗಿ ಜನರ ಭಾವನೆ ಬೇರೆ ದಾರಿ ಹಿಡಿಯಿತು. ಸ್ವಾಮೀಜಿಗೆ ಭಾರತರತ್ನ ಕೊಡಿ ಎಂಬ ಹಳೆಯ ಬೇಡಿಕೆ ಮತ್ತೆ ಗಟ್ಟಿಯಾಗಿ ಎದ್ದಿತು. ಮಠದ ಒಳಗೆ ಕೇಳಬೇಕಾದದ್ದು ಏನೂ ಇಲ್ಲದಾಗ ಜನ ದಿಲ್ಲಿಯನ್ನು ಕೇಳುತ್ತಾರೆ.

ಗುರುವಿನ ಮನಸ್ಸಿನಲ್ಲಿ ಹೆಸರಿದ್ದೂ ಹೊತ್ತು ಮೀರಿದ ಸಂದರ್ಭಕ್ಕೆ ಶೃಂಗೇರಿ ಸಾಕ್ಷಿ. ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು ಆರಿಸಿಕೊಂಡಿದ್ದ ನರಸಿಂಹ ಶಾಸ್ತ್ರಿ ಬೆಂಗಳೂರಿನ ಶಂಕರಮಠದ ಪಾಠಶಾಲೆಯಲ್ಲಿ ಓದುತ್ತಿದ್ದರು. ವಿಷಯ ಮೈಸೂರು ಮಹಾರಾಜರ ಕಿವಿಗೂ ಬಿದ್ದಿತ್ತು. ಆದರೆ ಶಿಷ್ಯ ಶೃಂಗೇರಿ ತಲುಪುವ ಮೊದಲೇ, 1912ರ ಮಾರ್ಚ್ 20ರಂದು ಗುರು ಹೊರಟುಹೋದರು. ಏಪ್ರಿಲ್ 7ರಂದು ಶಾಸ್ತ್ರಿಗಳು ಸನ್ಯಾಸ ಪಡೆದು ಚಂದ್ರಶೇಖರ ಭಾರತಿಗಳಾದರು. ಹದಿನೆಂಟು ದಿನದ ಆ ತೆರಪು ಗೊಂದಲವಿಲ್ಲದೆ ದಾಟಿದ್ದಕ್ಕೆ ಅರಮನೆಗೆ ಮೊದಲೇ ಹೆಸರು ಗೊತ್ತಿದ್ದದ್ದು ಮುಖ್ಯ ಕಾರಣ ಎಂದು ನನಗೆ ತೋರುತ್ತದೆ. ಅಲ್ಲಿಂದೀಚೆಗೆ ಶೃಂಗೇರಿಯಲ್ಲಿ ಗುರು ಇರುವಾಗಲೇ ಶಿಷ್ಯಸ್ವೀಕಾರ ನಡೆಯುತ್ತ ಬಂದಿದೆ: 1931, 1974, 2015.

ರೋಮ್ ಇದಕ್ಕೆ ತದ್ವಿರುದ್ಧ. ಅಲ್ಲಿ ಬದುಕಿರುವ ಪೋಪ್ ಉತ್ತರಾಧಿಕಾರಿಯನ್ನು ಹೆಸರಿಸುವುದಿಲ್ಲ. ತೆರಪನ್ನು ಮುಚ್ಚುವ ಬದಲು ಅದಕ್ಕೊಂದು ಕಟ್ಟುಪಾಡು ಹಾಕಿದ್ದಾರೆ. ಅದೂ ಏಟು ತಿಂದು ಕಲಿತದ್ದೇ. 1268ರಲ್ಲಿ ನಾಲ್ಕನೇ ಕ್ಲೆಮೆಂಟ್ ತೀರಿಕೊಂಡ ಮೇಲೆ ವಿಟೆರ್ಬೊ ಊರಿನಲ್ಲಿ ಸೇರಿದ ಕಾರ್ಡಿನಲ್ಲುಗಳು ಎರಡು ವರ್ಷ ಒಂಬತ್ತು ತಿಂಗಳು ಒಮ್ಮತಕ್ಕೆ ಬರಲಿಲ್ಲ. ಊರವರು ರೇಗಿ ಅವರನ್ನು ಕೂಡಿಹಾಕಿ, ಊಟ ಕಡಿಮೆ ಮಾಡಿ, ಚಾವಣಿಯನ್ನೂ ಕಿತ್ತರೆಂದು ಹೇಳುತ್ತಾರೆ. ಆಗ ಆರಿಸಿಬಂದ ಹತ್ತನೇ ಗ್ರೆಗರಿ 1274ರಲ್ಲಿ ಬೀಗ ಹಾಕಿ ಆರಿಸುವ ಪದ್ಧತಿಯನ್ನೇ ಕಾನೂನು ಮಾಡಿದರು. ಇಂದು ಮೂರನೇ ಎರಡು ಬಹುಮತ ಬೇಕು, 80 ತುಂಬಿದ ಕಾರ್ಡಿನಲ್ಲುಗಳಿಗೆ ಮತವಿಲ್ಲ. ಈ ಕೊನೆಯ ನಿಯಮ ಬೆಂಗಳೂರಿಗೂ ತಟ್ಟಿದೆ. 1968ರಿಂದ 1971ರವರೆಗೆ ಇಲ್ಲಿನ ಆರ್ಚ್‌ಬಿಷಪ್ ಆಗಿದ್ದ ಸೈಮನ್ ಲೂರ್ದುಸಾಮಿ 1985ರಲ್ಲಿ ಕಾರ್ಡಿನಲ್ ಆದರು. ಅವರಿಗೆ 80 ತುಂಬಿದ್ದು 2004ರ ಫೆಬ್ರುವರಿಯಲ್ಲಿ. ಎರಡನೇ ಜಾನ್ ಪಾಲ್ ತೀರಿಕೊಂಡದ್ದು 2005ರ ಏಪ್ರಿಲ್‌ನಲ್ಲಿ. ಸುಮಾರು ಹತ್ತೊಂಬತ್ತು ವರ್ಷ ಮತದಾನದ ಹಕ್ಕಿದ್ದೂ ಅವರಿಗೆ ಒಮ್ಮೆಯೂ ಮತ ಹಾಕುವ ಪ್ರಸಂಗ ಬರಲಿಲ್ಲ. 2025ರಲ್ಲಿ ಮತ ಹಾಕಿದ 133 ಮಂದಿಯಲ್ಲಿ ಭಾರತದವರು ನಾಲ್ವರು, ಕರ್ನಾಟಕದವರು ಯಾರೂ ಇಲ್ಲ.

ವಿಟೆರ್ಬೊದ ಕಥೆ ಓದುವಾಗ ಉಡುಪಿಯ ಶೀರೂರು ಮಠ ನೆನಪಾಗದೆ ಇರದು. ಲಕ್ಷ್ಮೀವರ ತೀರ್ಥರು 2018ರ ಜುಲೈ 19ರಂದು ಶಿಷ್ಯಸ್ವೀಕಾರ ಮಾಡದೆಯೇ ತೀರಿಕೊಂಡರು. ಶೋಕಕ್ಕಿಂತ ಮೊದಲು ಹಬ್ಬಿದ್ದು ವಿಷಪ್ರಾಶನದ ಗುಮಾನಿ, ಪೊಲೀಸ್ ವಿಚಾರಣೆಯೂ ನಡೆಯಿತು. ಅಷ್ಟಮಠಗಳಲ್ಲಿ ಜೋಡಿಮಠಗಳ ಏರ್ಪಾಡಿದೆ. ಒಂದರ ಪೀಠ ಬರಿದಾದರೆ ಅದರ ದ್ವಂದ್ವಮಠದ ಯತಿ ಶಿಷ್ಯನನ್ನು ನೇಮಿಸಬೇಕು. ಆ ಪ್ರಕಾರ ಸೋದೆಯ ವಿಶ್ವವಲ್ಲಭ ತೀರ್ಥರು 2021ರಲ್ಲಿ ಹದಿನಾರರ ವಟುವೊಬ್ಬರನ್ನು ಆರಿಸಿ ವೇದವರ್ಧನ ತೀರ್ಥರೆಂದು ಪಟ್ಟಕಟ್ಟಿದರು. ಬಾಲಸನ್ಯಾಸ ಸರಿಯೇ ಎಂದು ಕೆಲವರು ಹೈಕೋರ್ಟಿಗೆ ಹೋದರು. ಅದಕ್ಕೆ ಕಾನೂನಿನ ತಡೆಯಿಲ್ಲವೆಂದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅರ್ಜಿ ವಜಾ ಮಾಡಿತು. ಪೀಠ ಬರಿದಾಗಿದ್ದ ಕಾಲ ಹೆಚ್ಚುಕಡಿಮೆ ವಿಟೆರ್ಬೊದಷ್ಟೇ. ಇದೇ ಶೀರೂರು ಮಠದ 1954ರ ಮೊಕದ್ದಮೆಯಲ್ಲಿ ಮಠಾಧಿಪತ್ಯ ಬರಿಯ ಹುದ್ದೆಯಲ್ಲ, ಅದರಲ್ಲಿ ಆಸ್ತಿಯ ಅಂಶವೂ ಬೆರೆತಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಪೀಠದ ತಕರಾರುಗಳೆಲ್ಲ ಕಡೆಗೆ ಯಾಕೆ ಸಿವಿಲ್ ನ್ಯಾಯಾಲಯಕ್ಕೆ ಬರುತ್ತವೆ ಎಂಬುದಕ್ಕೆ ಆ ಒಂದು ಮಾತು ಸಾಕು.

ರಾಜಾಜಿನಗರದ ಬೆಟ್ಟದಲ್ಲಿ ನಡೆದದ್ದೂ ಇದೇ. ಪ್ರಭುಪಾದರು ಕಣ್ಮುಚ್ಚಿದ್ದು 1977ರ ನವೆಂಬರ್ 14ರಂದು, ವೃಂದಾವನದಲ್ಲಿ. ಅದಕ್ಕೆ ನಾಲ್ಕು ತಿಂಗಳ ಮೊದಲು, ಜುಲೈ 9ರ ಪತ್ರವೊಂದರಲ್ಲಿ ತಮ್ಮ ಪರವಾಗಿ ದೀಕ್ಷೆ ಕೊಡಲು ಹನ್ನೊಂದು ಶಿಷ್ಯರನ್ನು ಋತ್ವಿಕರೆಂದು ಹೆಸರಿಸಿದ್ದರು. ಆ ಏರ್ಪಾಡು ಅವರು ಬದುಕಿರುವವರೆಗೆ ಮಾತ್ರವೋ, ಎಂದೆಂದಿಗೂ ಹಾಗೆಯೋ? ಜಗತ್ತಿನಾದ್ಯಂತ ಇಸ್ಕಾನನ್ನು ನಡೆಸುವ ಆಡಳಿತ ಮಂಡಳಿಯ ಪ್ರಕಾರ ಶಿಷ್ಯರು ತಾವೇ ಗುರುಗಳಾಗಬಹುದು. ಮಧುಪಂಡಿತ ದಾಸರ ನೇತೃತ್ವದ ಬೆಂಗಳೂರು ಬಣದ ಪ್ರಕಾರ ದೀಕ್ಷಾಗುರು ಪ್ರಭುಪಾದರೊಬ್ಬರೇ, ಉಳಿದವರೆಲ್ಲ ಅವರ ಪ್ರತಿನಿಧಿಗಳು. ಅಂದರೆ ಉತ್ತರಾಧಿಕಾರಿಯ ಸ್ಥಾನವೇ ಇಲ್ಲ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1988ರಲ್ಲಿ ಕೊಟ್ಟ ಸುಮಾರು ಏಳು ಎಕರೆ ಬಂಡೆನೆಲದ ಮೇಲೆ ದೇಗುಲ ಎದ್ದು, 1997ರಲ್ಲಿ ರಾಷ್ಟ್ರಪತಿ ಶಂಕರ ದಯಾಳ ಶರ್ಮರಿಂದ ಉದ್ಘಾಟನೆಯಾಯಿತು. 2000ದಲ್ಲಿ ಇಲ್ಲಿಂದಲೇ ಐದು ಶಾಲೆಗಳ 1,500 ಮಕ್ಕಳ ಬಿಸಿಯೂಟದೊಡನೆ ಅಕ್ಷಯಪಾತ್ರೆ ಶುರುವಾಯಿತು. ಮರುವರ್ಷ ಬೆಂಗಳೂರು ಬಣ, ಆಡಳಿತ ಮಂಡಳಿಯ ಪರವಿದ್ದ ಮುಂಬಯಿಯ ಇಸ್ಕಾನ್ ಸಂಸ್ಥೆಯ ವಿರುದ್ಧ ದಾವೆ ಹೂಡಿತು. 2009ರಲ್ಲಿ ಕೆಳ ನ್ಯಾಯಾಲಯದಲ್ಲಿ ಬೆಂಗಳೂರಿಗೆ ಜಯ, 2011ರಲ್ಲಿ ಹೈಕೋರ್ಟಿನಲ್ಲಿ ಸೋಲು. 2025ರ ಮೇ 16ರಂದು, ರೋಮಿನಲ್ಲಿ ಹೊಸ ಪೋಪ್ ಬಂದ ಎಂಟನೇ ದಿನ, ನ್ಯಾಯಮೂರ್ತಿ ಅಭಯ್ ಓಕಾ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಸುಪ್ರೀಂ ಕೋರ್ಟ್ ಪೀಠ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿತು. ಬೆಟ್ಟ ಬೆಂಗಳೂರಿನ ನೋಂದಾಯಿತ ಸಂಘಕ್ಕೆ ಸೇರಿದ್ದೆಂದು ಹೇಳಿತು. ಮರುಪರಿಶೀಲನೆಗೆ ಮುಂಬಯಿಯವರು ಮತ್ತೆ ಕದ ತಟ್ಟಿದರು. ನ್ಯಾಯಾಲಯ ಇತ್ಯರ್ಥ ಮಾಡಿದ್ದು ಜಮೀನಿನ ಪ್ರಶ್ನೆಯನ್ನು. ಗುರು ಯಾರೆಂಬುದಕ್ಕೆ ಅದು ಉತ್ತರ ಕೊಡಲಿಲ್ಲ, ಕೊಡುವ ಜಾಗವೂ ಅದಲ್ಲ.

ಇಷ್ಟೆಲ್ಲ ಆದರೂ ವೈಕುಂಠ ಏಕಾದಶಿಯ ದಿನ ಆ ಬೆಟ್ಟದ ಸಾಲು ಒಂದಿಷ್ಟೂ ಕಿರಿದಾಗಿಲ್ಲ. ಅಲ್ಲಿಗೆ ಬರುವ ಪಶ್ಚಿಮ ಬೆಂಗಳೂರಿಗರಲ್ಲಿ ಬಹುಪಾಲು ಜನಕ್ಕೆ ಇದು ದೇವಸ್ಥಾನ, ಗುರುಪೀಠವಲ್ಲ. ಜಗಳ ದೀಕ್ಷೆ ಪಡೆದವರೊಳಗಿನದು. ನನ್ನ ವಾದಕ್ಕೆ ಇಲ್ಲೊಂದು ತಿದ್ದುಪಡಿ ಬೇಕು. ತೆರಪು ಹಿಗ್ಗಿದಾಗ ಬಣವಾಗುವುದು ಪೀಠವನ್ನು ತಮ್ಮದೆಂದುಕೊಂಡ ಸಮುದಾಯ ಮಾತ್ರ, ದರ್ಶನಕ್ಕೆ ಬರುವ ಜನರಲ್ಲ. ಆದಿಚುಂಚನಗಿರಿಯಲ್ಲೋ ಶೀರೂರಿನಲ್ಲೋ ಈ ಎರಡನ್ನು ಬೇರ್ಪಡಿಸುವುದು ಇಷ್ಟು ಸುಲಭವಲ್ಲ.

ಕೊನೆಯದಾಗಿ ಕೆಂಗೇರಿಯ ವಿಶ್ವ ಒಕ್ಕಲಿಗರ ಮಹಾಸಂಸ್ಥಾನ ಮಠ. ಆದಿಚುಂಚನಗಿರಿಯಿಂದ ಬೇರೆಯಾಗಿ ನಿಂತ ಈ ಮಠದ ಚಂದ್ರಶೇಖರನಾಥ ಸ್ವಾಮೀಜಿ 2022ರ ಡಿಸೆಂಬರ್ 14ರಂದೇ, ಕೆಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗರಾಜ್ ಅವರಿಗೆ ನಿಶ್ಚಲಾನಂದನಾಥರೆಂಬ ಹೆಸರಿನಲ್ಲಿ ಪಟ್ಟಾಭಿಷೇಕ ಮಾಡಿಸಿದರು. ಒಂದೂವರೆ ವರ್ಷದ ನಂತರ, ಕೆಂಪೇಗೌಡ ಜಯಂತಿಯ ವೇದಿಕೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರಿಗೇ ಡಿ.ಕೆ. ಶಿವಕುಮಾರ್ ಅವರಿಗೆ ಕುರ್ಚಿ ಬಿಟ್ಟುಕೊಡಿ ಎಂದು ಕೇಳಿ ರಾಜ್ಯದ ಉತ್ತರಾಧಿಕಾರದ ಚರ್ಚೆ ಎಬ್ಬಿಸಿದವರೂ ಇದೇ ಸ್ವಾಮೀಜಿ. ತಮ್ಮ ಪೀಠದ ಮಟ್ಟಿಗೆ ಅವರು ಅಷ್ಟು ಹೊತ್ತಿಗೆ ನಿಶ್ಚಿಂತರಾಗಿದ್ದರು! 2025ರ ಆಗಸ್ಟ್ 16ರಂದು ಅವರು ತೀರಿಕೊಂಡಾಗ ಹೊಸ ಗುರುವನ್ನು ಹುಡುಕುವ ಕೆಲಸವೇ ಇರಲಿಲ್ಲ.

ಈ ಚರಿತ್ರೆಯನ್ನು ಸದ್ಯಕ್ಕೆ ಪತ್ರಿಕಾ ವರದಿ ಮತ್ತು ತೀರ್ಪುಗಳಿಂದಲೇ ಕಟ್ಟಬೇಕಾಗಿದೆ. ಪಟ್ಟಾಭಿಷೇಕದ ಆಹ್ವಾನ ಪತ್ರಿಕೆ, ಶ್ರದ್ಧಾಂಜಲಿಯ ಕರಪತ್ರ, ದರ್ಶನಕ್ಕೆ ಬಂದವರು ಸಹಿ ಮಾಡಿದ ಪುಸ್ತಕ, ಉತ್ತರಾಧಿಕಾರ ಪತ್ರದ ಪ್ರತಿ ಇವೆಲ್ಲ ವಿಜಯನಗರ, ಕೆಂಗೇರಿಯ ಮಠಗಳ ಬೀರುಗಳಲ್ಲೂ ಭಕ್ತರ ಮನೆಯ ಅಟ್ಟದಲ್ಲೂ ಇರುತ್ತವೆ. ಇಟ್ಟುಕೊಂಡವರು ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಂದು ನಕಲನ್ನಾದರೂ ಕೊಡಿ.